ಪಾಸ್ತೋರಾಳ ಎಲೆ: ಮಸಾತೆಕ್ ಬೆಟ್ಟಗಳ ಒಂದು ಗಿಡದ ಕಥೆ

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡಲಿರುವ ಗಿಡ ತುಳಸಿಯ ಕುಟುಂಬಕ್ಕೆ ಸೇರಿದ್ದು. ದೊಡ್ಡಪತ್ರೆ, ಕಾಮಕಸ್ತೂರಿ, ಪುದೀನ ಎಲ್ಲವೂ ಅದೇ ಕುಟುಂಬ. ಕಾಂಡವನ್ನು ಬೆರಳಲ್ಲಿ ಹಿಡಿದು ಹೊರಳಿಸಿದರೆ ನಾಲ್ಕು ಮೂಲೆ ಕೈಗೆ ಸಿಗುತ್ತವೆ, ಒಳಗೆ ಟೊಳ್ಳು. ಎಲೆಗಳು ಎದುರುಬದುರಾಗಿ ಜೋಡಿ ಜೋಡಿಯಾಗಿ ಹೊರಡುತ್ತವೆ. ಹೂವು ಬಿಳಿ, ಅದನ್ನು ಹಿಡಿದಿರುವ ಪುಷ್ಪಪತ್ರ ನೇರಳೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಸಾಲ್ವಿಯಾ ಡಿವಿನೋರಮ್. ಇದನ್ನು ತಲೆಮಾರುಗಳಿಂದ ಬೆಳೆಸಿಕೊಂಡು ಬಂದ ಮಸಾತೆಕ್ ಜನ ಸ್ಕಾ ಮರಿಯಾ ಪಾಸ್ತೋರಾ ಎನ್ನುತ್ತಾರೆ. ಕುರಿ ಕಾಯುವ ಮರಿಯಳ ಎಲೆ ಎಂದು ಅರ್ಥ.

ಅಂತರ್ಜಾಲದಲ್ಲಿ ಈ ಹೆಸರು ಹಾಕಿ ಹುಡುಕಿದರೆ ಸಿಗುವುದು ಬಹುಪಾಲು ನಶೆಯ ಸುದ್ದಿ. ಸೇದಿ ಕುಸಿದು ಬೀಳುವ ಹುಡುಗರ ವಿಡಿಯೋ, ನಿಷೇಧದ ವರದಿ, ಪೊಟ್ಟಣಗಳ ಜಾಹೀರಾತು. ಆದರೆ ಮಸಾತೆಕ್ ಮನೆಯಲ್ಲಿ ಈ ಎಲೆಯನ್ನು ಮುಟ್ಟಬೇಕಾದರೆ ಮೊದಲು ಒಂದು ಪ್ರಶ್ನೆ ಇರಬೇಕು. ಮಗುವಿನ ಜ್ವರ ಯಾಕೆ ಇಳಿಯುತ್ತಿಲ್ಲ? ಕಳೆದುಹೋದ ಕತ್ತೆ ಯಾವ ದಿಕ್ಕಿಗೆ ಹೋಯಿತು? ಮನೆಯ ದುಡ್ಡು ಕದ್ದವರು ಯಾರು? ಪ್ರಶ್ನೆ ಇಲ್ಲದೆ ಎಲೆ ತಿನ್ನುವುದು ಅವರ ಪ್ರಕಾರ ಗಿಡಕ್ಕೆ ತೋರುವ ಅಗೌರವ. ಆ ಪ್ರಶ್ನೆಯನ್ನು ಕಿತ್ತುಹಾಕಿ ಎಲೆಯನ್ನಷ್ಟೇ ಹೊರಗೆ ತಂದಾಗ ಏನಾಯಿತು ಎಂಬುದೇ ನನ್ನ ಇವತ್ತಿನ ವಿಷಯ. ಇದರಲ್ಲಿ ರಸಾಯನಶಾಸ್ತ್ರವೂ ಬರುತ್ತದೆ, ಸ್ವಲ್ಪ ತಾಳ್ಮೆಯಿಂದ ಕೇಳಿ.

ಮೊದಲು ಊರು. ಮೆಕ್ಸಿಕೋದ ದಕ್ಷಿಣಕ್ಕೆ ವಹಾಕಾ ಎಂಬ ರಾಜ್ಯ. ಅದರ ಉತ್ತರದ ಅಂಚಿನಲ್ಲಿ ಸಿಯೆರ್ರಾ ಮಸಾತೆಕಾ ಬೆಟ್ಟಸಾಲು. ವರ್ಷದ ಬಹುಭಾಗ ಮೋಡ ನೆಲಕ್ಕೇ ಇಳಿದಿರುವ ಕಾಡು, ಕಡಿದಾದ ಕೊರಕಲು, ಜೋಳದ ಹೊಲ, ಕಾಫಿ. ದೊಡ್ಡ ಊರು ವಾವ್ತ್ಲಾ ದೆ ಹಿಮೆನೆಸ್. ಇಲ್ಲಿಯ ಮಸಾತೆಕ್ ಭಾಷೆಯಲ್ಲಿ ಸ್ವರದ ಏರಿಳಿತ ಬದಲಾದರೆ ಪದದ ಅರ್ಥವೇ ಬದಲಾಗುತ್ತದೆ. ಹಾಗಾಗಿ ಗಂಡಸರು ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ಬರೀ ಸಿಳ್ಳೆಯಲ್ಲೇ ಪೂರ್ತಿ ಮಾತುಕತೆ ನಡೆಸಬಲ್ಲರು. ಜೋಳದ ಬೆಲೆ ಎಷ್ಟು, ಎಲ್ಲಿಗೆ ಹೊರಟೆ, ಎಲ್ಲವೂ ಸಿಳ್ಳೆಯಲ್ಲೇ. ವಿಷಯದಿಂದ ಸ್ವಲ್ಪ ಆಚೆ ಹೋದೆ, ಆದರೆ ಈ ಜನರನ್ನು ಬರೀ ‘ಗಿಡದ ಜನ’ ಎಂದು ನೀವು ನೆನಪಿಟ್ಟುಕೊಳ್ಳುವುದು ನನಗೆ ಇಷ್ಟವಿಲ್ಲ. 1950ರ ದಶಕದಲ್ಲಿ ತಗ್ಗಿನ ಪ್ರದೇಶದಲ್ಲಿ ಮಿಗೆಲ್ ಅಲೆಮಾನ್ ಅಣೆಕಟ್ಟು ಬಂದು, ಸುಮಾರು 20,000 ಮಸಾತೆಕ್ ಜನ ಹೊಲ ಮನೆ ಬಿಟ್ಟು ಏಳಬೇಕಾಯಿತು. ಹೊರಗಿನವರು ಇಲ್ಲಿಯ ದರ್ಶನ ಕೊಡುವ ಅಣಬೆ ಹುಡುಕಿಕೊಂಡು ಬೆಟ್ಟ ಹತ್ತಿದ್ದು ಅದೇ ದಶಕದಲ್ಲಿ.

ಪಾಸ್ತೋರಾ ಬೆಳೆಯುವುದು ಇದೇ ಬೆಟ್ಟಗಳ ಕೊರಕಲಿನಲ್ಲಿ, ಹಳ್ಳದ ಬದಿಯ ಕಪ್ಪು ಮಣ್ಣಿನಲ್ಲಿ, ಗಾಢ ನೆರಳಲ್ಲಿ. ಬಿಸಿಲು ತಾಗಿದರೆ ಸೊರಗುತ್ತದೆ. ಇನ್ನೊಂದು ವಿಚಿತ್ರವಿದೆ. ಈ ಗಿಡ ಹೂ ಬಿಟ್ಟರೂ ಬೀಜ ಕಟ್ಟುವುದು ಬಹಳ ಅಪರೂಪ. ಎತ್ತರಕ್ಕೆ ಬೆಳೆದ ಟೊಳ್ಳು ಕಾಂಡ ತನ್ನ ಭಾರಕ್ಕೆ ತಾನೇ ಬಾಗಿ ಒದ್ದೆ ನೆಲಕ್ಕೆ ಬೀಳುತ್ತದೆ, ನೆಲ ಮುಟ್ಟಿದ ಗಿಣ್ಣಿನಲ್ಲಿ ಬೇರೊಡೆದು ಅಲ್ಲೇ ಹೊಸ ಗಿಡವಾಗುತ್ತದೆ. ಇಲ್ಲವೆಂದರೆ ಮನುಷ್ಯರೇ ಕಡ್ಡಿ ಮುರಿದು ಬೇರೆ ಕಡೆ ಊರಬೇಕು. ಹಾಗಾಗಿ ಇದು ಕಾಡಿನದೋ, ಬಹಳ ಹಿಂದೆ ಯಾರೋ ನೆಟ್ಟು ಉಳಿದದ್ದೋ ಎಂಬ ಚರ್ಚೆ ಸಸ್ಯಶಾಸ್ತ್ರಜ್ಞರಲ್ಲಿ ಇನ್ನೂ ಮುಗಿದಿಲ್ಲ.

ಈಗ ಮನೆಯೊಳಗೆ ಬನ್ನಿ. ಮಸಾತೆಕ್ ಜನ ವೈದ್ಯರನ್ನು ಚೋತಾ ಚೀನೆ ಎನ್ನುತ್ತಾರೆ, ತಿಳಿದವರು ಎಂಬ ಅರ್ಥದಲ್ಲಿ. ಗಂಡಸರೂ ಇರುತ್ತಾರೆ, ಹೆಂಗಸರೂ ಇರುತ್ತಾರೆ. ಇವರ ಕೈಯಲ್ಲಿ ಪಾಸ್ತೋರಾ ಒಂದೇ ಇರುವುದಿಲ್ಲ. ಜೋಳದ ಕಾಳು ಚೆಲ್ಲಿ ಅವು ಬಿದ್ದ ರೀತಿ ನೋಡಿ ಉತ್ತರ ಹೇಳುವುದುಂಟು. ಹಸಿ ತಂಬಾಕನ್ನು ಸುಣ್ಣದ ಜೊತೆ ಕುಟ್ಟಿ, ಮಾಟದಿಂದ ಕಾಪಾಡಲೆಂದು ರೋಗಿಯ ಮೈಗೆ ಹಚ್ಚುವುದುಂಟು. ಅದಕ್ಕೆ ಅವರು ಸಾನ್ ಪೆದ್ರೊ ಎಂದು ಸಂತನ ಹೆಸರೇ ಇಟ್ಟಿದ್ದಾರೆ. ದರ್ಶನ ಕೊಡುವ ಸಸ್ಯಗಳು ಮೂರು ಬಗೆ: ಪಾಸ್ತೋರಾ ಎಲೆ, ಒಂದು ಜಾತಿಯ ಬಳ್ಳಿಯ ಬೀಜ, ಮತ್ತು ಸೈಲೋಸೈಬಿನ್ ಎಂಬ ಮಾದಕ ವಸ್ತು ಇರುವ ಅಣಬೆ. ಅಣಬೆ ಮಳೆಗಾಲಕ್ಕೆ ಮಾತ್ರ. ಎಲೆ ವರ್ಷವಿಡೀ ಸಿಗುತ್ತದೆ. ವೈದ್ಯ ವಿದ್ಯೆ ಕಲಿಯುವವರು ಮೊದಲು ಎಲೆಯ ಜೊತೆ ಪಳಗಿ, ಆಮೇಲೆ ಬೀಜ, ಕೊನೆಗೆ ಅಣಬೆ ಎಂಬ ಕ್ರಮವನ್ನು 1980ರ ದಶಕದಲ್ಲಿ ಅಲ್ಲಿ ಕೆಲಸ ಮಾಡಿದ ಸಂಶೋಧಕರು ದಾಖಲಿಸಿದ್ದಾರೆ.

ಎಲೆಯನ್ನು ಎಣಿಸುವುದು ಜೋಡಿಯಲ್ಲಿ. ಗಿಡದಲ್ಲಿ ಹೇಗೆ ಜೋಡಿಯಾಗಿ ಬರುತ್ತದೋ ಹಾಗೆ. ನಾಲ್ಕೈದು ಜೋಡಿ ಎಂದರೆ ಸಾಮಾನ್ಯ ಮನೆಮದ್ದು: ಭೇದಿಗೆ, ತಲೆನೋವಿಗೆ, ಕೀಲುನೋವಿಗೆ, ರಕ್ತ ಕಡಿಮೆಯಾದವರ ಸುಸ್ತಿಗೆ. ಈ ಪ್ರಮಾಣದಲ್ಲಿ ಯಾವ ದರ್ಶನವೂ ಆಗುವುದಿಲ್ಲ. ದರ್ಶನ ಬೇಕೆಂದರೆ ಇಪ್ಪತ್ತು ಜೋಡಿಯಿಂದ ಮೇಲಕ್ಕೆ, ಕೆಲವೊಮ್ಮೆ ಎಂಬತ್ತು ಜೋಡಿಯವರೆಗೆ. ಕೊಯ್ಯುವ ಮೊದಲು ಗಿಡಕ್ಕೆ ಪ್ರಾರ್ಥನೆ ಸಲ್ಲಬೇಕು. ಹಸಿ ಎಲೆಯನ್ನು ಹಾಗೇ ಜಗಿಯಬಹುದು, ಬಾಯೆಲ್ಲ ಕಹಿಯಾಗುತ್ತದೆ. ಹಲ್ಲಿಲ್ಲದವರಿಗೆ, ಕಹಿ ತಾಳದವರಿಗೆ ಎಲೆಯನ್ನು ಮೆತಾತೆ ಎಂಬ ಒರಳುಕಲ್ಲಿನ ಮೇಲೆ ಅರೆದೋ, ಕೈಯಲ್ಲೇ ನೀರಿನೊಳಗೆ ಹಿಸುಕಿ ಸೋಸಿಯೋ ಕೊಡುತ್ತಾರೆ. ನೊರೆ ಕಟ್ಟಿದ ಕಡುಹಸಿರು ರಸ ಬರುತ್ತದೆ.

ಕುಡಿಯುವುದು ರಾತ್ರಿ. ದೇವರ ಪಟಗಳ ಮುಂದೆ ಮೇಣದಬತ್ತಿ, ಕೋಪಾಲ್ ಮರದ ಅಂಟಿನ ಧೂಪ. ಮರಿಯಾ ಮಾತೆಗೆ, ಸಂತರಿಗೆ ಪ್ರಾರ್ಥನೆ. ಆಮೇಲೆ ದೀಪ ಆರಿಸಿ ಪೂರ್ತಿ ಕತ್ತಲೆ ಮಾಡುತ್ತಾರೆ. ಬೆಳಕು ಬಂದರೆ, ಸದ್ದಾದರೆ ಪಾಸ್ತೋರಾ ಹೊರಟುಹೋಗುತ್ತಾಳೆ ಎಂಬುದು ನಂಬಿಕೆ. ಅಣಬೆಯ ರಾತ್ರಿಯಲ್ಲಿ ಗಂಟೆಗಟ್ಟಲೆ ಹಾಡು ಇರುತ್ತದೆ, ಎಲೆಯ ರಾತ್ರಿಯಲ್ಲಿ ಮೌನವೇ ಹೆಚ್ಚು. ರಸ ಕುಡಿಯದೆ ಎಚ್ಚರವಾಗಿರುವವರು ಒಬ್ಬರು ಜೊತೆಗೆ ಇರಲೇಬೇಕು.

ಇಲ್ಲಿ ನಮ್ಮವರಿಗೆ ಒಂದು ಅನುಮಾನ ಬರುವುದು ಸಹಜ: ಇದು ನಮ್ಮ ಕಡೆ ಪಾತ್ರಿಯ ಮೈಮೇಲೆ ದೈವ ಬಂದ ಹಾಗೇ ಅಲ್ಲವೇ? ಅಲ್ಲ. ಪಾತ್ರಿಯ ದರ್ಶನದಲ್ಲಿ ದೈವ ಮನುಷ್ಯನೊಳಗೆ ಇಳಿದು ಅವನ ಬಾಯಿಂದ ಆಡುತ್ತದೆ, ಅವನು ತಾನಾಗಿರುವುದಿಲ್ಲ. ಮಸಾತೆಕ್ ಪದ್ಧತಿಯಲ್ಲಿ ಎಲೆ ತಿಂದವರು ತಾವಾಗಿಯೇ ಉಳಿಯುತ್ತಾರೆ. ಅವರಿಗೆ ಕಾಣಿಸುತ್ತದೆ, ಕೇಳಿಸುತ್ತದೆ, ಕಂಡದ್ದನ್ನು ಬಾಯಿಬಿಟ್ಟು ಹೇಳುತ್ತಾರೆ. ವೈದ್ಯರೇ ಕುಡಿಯಬಹುದು, ರೋಗಿಯೂ ಕುಡಿಯಬಹುದು, ಇಬ್ಬರೂ ಕುಡಿಯಬಹುದು. ರೋಗಿ ಕತ್ತಲಲ್ಲಿ ಹೇಳುವುದನ್ನು ಕೇಳುತ್ತ ಕೇಳುತ್ತ ಈ ಕಾಯಿಲೆ ಎಲ್ಲಿಂದ ಬಂತು, ಯಾರ ಜೊತೆ ಜಗಳವಾಗಿತ್ತು, ಯಾವ ಭಯ ಒಳಗೆ ಕೂತಿದೆ ಎಂದು ವೈದ್ಯರು ಕಂಡುಕೊಳ್ಳುತ್ತಾರೆ. ಅವರ ಲೆಕ್ಕದಲ್ಲಿ ಹೊಟ್ಟೆ ಊದಿಕೊಳ್ಳುವ ಒಂದು ಕಾಯಿಲೆ ಇದೆ, ಕುರಿಯ ಹೊಟ್ಟೆ ಎಂದೇ ಅದರ ಹೆಸರು. ಮಾಟಗಾರ ಹೊಟ್ಟೆಯೊಳಗೆ ಕಲ್ಲು ಇಟ್ಟದ್ದರಿಂದ ಬಂತು ಎನ್ನುತ್ತಾರೆ. ಅದಕ್ಕೂ ಪಾಸ್ತೋರಾ ಮದ್ದು. ಮಾಟದ ಮಾತನ್ನು ನಾವು ನಂಬಬೇಕಾಗಿಲ್ಲ. ಆದರೆ ರೋಗಿಯ ಮಾತಿಗೆ ಒಂದಿಡೀ ರಾತ್ರಿ ಕಿವಿಗೊಟ್ಟು ಕೂರುವ ವೈದ್ಯಪದ್ಧತಿ ಎಷ್ಟಿದೆ ಹೇಳಿ. ನನಗೆ ಇದರ ಬಗ್ಗೆ ಗೌರವ ಹುಟ್ಟಿದ್ದು ಆ ಕಾರಣಕ್ಕೆ.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಮಸಾತೆಕ್ ಜನ ಪಾಸ್ತೋರಾಳಿಗೆ ಒಂದು ಸಂಸಾರವನ್ನೇ ಕಲ್ಪಿಸಿದ್ದಾರೆ. ಪಾಸ್ತೋರಾ ಹೆಣ್ಣು. ಬಣ್ಣದ ಎಲೆಯ ಕೋಲಿಯಸ್‌ಗಳಲ್ಲಿ ಒಂದು ಗಂಡು, ಇನ್ನೊಂದು ಜಾತಿಯ ಎರಡು ಬಗೆಗಳು ಮಗು ಮತ್ತು ಧರ್ಮಪುತ್ರ (ಗಾಡ್‌ಸನ್). ಕೋಲಿಯಸ್ ಎಂದರೆ ನಮ್ಮ ಅಂಗಳಗಳಲ್ಲಿ ಕುಂಡದಲ್ಲಿ ಬೆಳೆಸುತ್ತೇವಲ್ಲ, ಕೆಂಪು ಹಸಿರು ಪಟ್ಟೆ ಎಲೆಯದು, ಅದೇ. ಅದು ಏಷ್ಯಾದ ಗಿಡ, ಯುರೋಪಿನವರ ಹಡಗುಗಳು ಸಾಗರ ದಾಟಿದ ಮೇಲಷ್ಟೇ ಮೆಕ್ಸಿಕೋ ಸೇರಿದ್ದು. ಹೊರಗಿನಿಂದ ಬಂದ ಆ ಗಿಡದ ಚೌಕ ಕಾಂಡ, ಜೋಡಿ ಎಲೆ, ಹೂವಿನ ಕದಿರು ನೋಡಿ ಇದು ನಮ್ಮ ಪಾಸ್ತೋರಾಳ ಬಳಗ ಎಂದು ಅವರು ಗುರುತಿಸಿದರು. ಸಸ್ಯಶಾಸ್ತ್ರವೂ ಎರಡನ್ನೂ ಒಂದೇ ಕುಟುಂಬದಲ್ಲಿ ಇಟ್ಟಿದೆ. ಶಾಲೆಯ ಮೆಟ್ಟಿಲು ಹತ್ತದವರ ಕಣ್ಣು ಅದು.

ಹೊರಗಿನ ಜಗತ್ತಿಗೆ ಈ ಎಲೆ ತಿಳಿದದ್ದು ನಿಧಾನವಾಗಿ. 1938ರಲ್ಲಿ ಜೀನ್ ಬ್ಯಾಸೆಟ್ ಜಾನ್ಸನ್ ಎಂಬ ಯುವ ಮಾನವಶಾಸ್ತ್ರಜ್ಞ ವಾವ್ತ್ಲಾಕ್ಕೆ ಬಂದು ಅಣಬೆಯ ರಾತ್ರಿಯೊಂದನ್ನು ನೋಡಿದ. ಮರಿಯಾ ಮೂಲಿಕೆ ಎಂಬುದೊಂದು ಇದೆ ಎಂದೂ ಬರೆದಿಟ್ಟ. ಜೊತೆಗಿದ್ದವರು ಇರ್ಮ್‌ಗಾರ್ಡ್ ವೈಟ್‌ಲಾನರ್, ಮುಂದೆ ಅವರು ಅವನ ಹೆಂಡತಿಯಾದರು. ಜಾನ್ಸನ್ ಎರಡನೇ ಮಹಾಯುದ್ಧದಲ್ಲಿ ತೀರಿಕೊಂಡ. ಇರ್ಮ್‌ಗಾರ್ಡ್ ಮೆಕ್ಸಿಕೋದ ನೇಯ್ಗೆಯ ವಿಷಯದಲ್ಲಿ ದೊಡ್ಡ ವಿದ್ವಾಂಸರಾದರು. 1962ರಲ್ಲಿ ಪಾಸ್ತೋರಾಳನ್ನು ಹುಡುಕಿಕೊಂಡು ಹೇಸರಗತ್ತೆ ಏರಿ ಬೆಟ್ಟ ಹತ್ತಿದ ತಂಡದಲ್ಲಿ ಅವರೂ ಇದ್ದರು. ಉಳಿದವರು ಅಮೆರಿಕದ ಬ್ಯಾಂಕರ್ ಗಾರ್ಡನ್ ವಾಸನ್, ಎಲ್‌ಎಸ್‌ಡಿ ಎಂಬ ಮಾದಕ ವಸ್ತುವನ್ನು ಕಂಡುಹಿಡಿದ ಸ್ವಿಸ್ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್, ಅವರ ಹೆಂಡತಿ ಅನಿತಾ.

ಊರಿನವರು ಗಿಡ ಬೆಳೆಯುವ ಜಾಗವನ್ನು ತೋರಿಸಲಿಲ್ಲ. ಎಲೆಯ ಕಟ್ಟು ತಂದುಕೊಟ್ಟರು, ಅಷ್ಟೇ. ಕೊನೆಗೆ ಸಾನ್ ಹೊಸೆ ತೆನಾಂಗೊ ಎಂಬಲ್ಲಿ ಹೂ ಬಿಟ್ಟ ಗಿಡಗಳು ಸಿಕ್ಕವು. ಆ ಮಾದರಿಯ ಮೇಲೆ ಕಾರ್ಲ್ ಎಪ್ಲಿಂಗ್ ಮತ್ತು ಕಾರ್ಲೋಸ್ ಹಾತಿವಾ ಅದೇ ವರ್ಷ ಹೊಸ ಪ್ರಭೇದ ಎಂದು ಹೆಸರಿಟ್ಟರು. ಒಣಗಿದ ಮಾದರಿ ನೋಡಿ ಹೂವು ನೀಲಿ ಎಂದು ಬರೆದುಬಿಟ್ಟರು, ಜೀವಂತ ಗಿಡ ಹೂ ಬಿಟ್ಟಾಗ ಬಿಳಿ ಎಂದು ತಿಳಿಯಿತು. ವೈದ್ಯೆಯ ಮನೆಯಲ್ಲಿ ರಾತ್ರಿ ಕೂತಾಗ ಹಾಫ್‌ಮನ್‌ರ ಹೊಟ್ಟೆ ಕೆಟ್ಟಿತ್ತು. ಅವರ ಬದಲು ಅನಿತಾ ಕುಡಿದರು. ಹಾಫ್‌ಮನ್ ಎಲೆಯ ರಸವನ್ನು ಆಲ್ಕೋಹಾಲ್‌ನಲ್ಲಿ ಕೆಡದಂತೆ ಇಟ್ಟು ಸ್ವಿಟ್ಜರ್ಲೆಂಡಿಗೆ ಒಯ್ದರು. ಅಲ್ಲಿ ಪರೀಕ್ಷಿಸಿದರೆ ಏನೂ ಆಗಲಿಲ್ಲ. ಅಣಬೆಯಿಂದ ಸೈಲೋಸೈಬಿನ್ ತೆಗೆದ ಅದೇ ಕೈಗೆ ಎಲೆಯ ಗುಟ್ಟು ಸಿಗಲಿಲ್ಲ.

ಸಿಕ್ಕಿದ್ದು ಇಪ್ಪತ್ತು ವರ್ಷ ಕಳೆದ ಮೇಲೆ. 1982ರಲ್ಲಿ ಮೆಕ್ಸಿಕೋದ ಅಲ್ಫ್ರೆದೊ ಒರ್ತೇಗಾ ಮತ್ತು ಸಂಗಡಿಗರು ಎಲೆಯಿಂದ ಒಂದು ವಸ್ತುವನ್ನು ಬೇರ್ಪಡಿಸಿ ಸಾಲ್ವಿನೋರಿನ್ ಎಂದು ಕರೆದರು, ಈಗ ಅದನ್ನು ಸಾಲ್ವಿನೋರಿನ್ ಎ ಎನ್ನುತ್ತಾರೆ. 1984ರಲ್ಲಿ ಅಮೆರಿಕದಲ್ಲಿ ಲಿಯಾಂಡರ್ ವಾಲ್ಡೆಸ್ ಸ್ವತಂತ್ರವಾಗಿ ಅದೇ ವಸ್ತುವನ್ನು ಮುಟ್ಟಿದರು. ಗಿಡಮೂಲದ ಮಾದಕಗಳಲ್ಲಿ ಬಹುಪಾಲಿಗೆ ಸಾರಜನಕ ಇರುತ್ತದೆ, ಗಾಂಜಾದ ರಾಳದಂಥ ಕೆಲವು ಮಾತ್ರ ಹೊರತು. ಸಾಲ್ವಿನೋರಿನ್ ಎ ಅಣುವಿನಲ್ಲೂ ಸಾರಜನಕವಿಲ್ಲ. ಎಲೆಯ ತಳಭಾಗದ ಸಣ್ಣ ಗ್ರಂಥಿಗಳಲ್ಲಿ ಅದು ಶೇಖರವಾಗುತ್ತದೆ. ತುಳಸಿಯ ಪರಿಮಳ ಇರುವುದೂ ಇಂಥದೇ ಗ್ರಂಥಿಗಳಲ್ಲಿ.

ಇಲ್ಲಿಂದ ಮುಂದೆ ನನಗೆ ಬಹಳ ಇಷ್ಟವಾದ ಭಾಗ. 1994ರಲ್ಲಿ ಡೇನಿಯಲ್ ಸೀಬರ್ಟ್ ಒಂದು ಸರಳ ಪ್ರಯೋಗ ಪ್ರಕಟಿಸಿದರು. ಎಲೆಯ ರಸವನ್ನು ಬಾಯಲ್ಲಿ ನಿಲ್ಲದಂತೆ ಗಟಕ್ಕನೆ ನುಂಗಿದವರಿಗೆ ಏನೂ ಆಗಲಿಲ್ಲ. ಅದನ್ನೇ ಹತ್ತು ನಿಮಿಷ ಬಾಯಲ್ಲಿ ಹಿಡಿದವರಿಗೆ ಪರಿಣಾಮ ಆಯಿತು. ಸಾಲ್ವಿನೋರಿನ್ ಎ ಹೊಟ್ಟೆ ಕರುಳಿಗೆ ಇಳಿದರೆ ಬೇಗ ಒಡೆದು ಸಾಲ್ವಿನೋರಿನ್ ಬಿ ಆಗುತ್ತದೆ, ಅದಕ್ಕೆ ಶಕ್ತಿಯಿಲ್ಲ. ಬಾಯಿಯ ಒಳಚರ್ಮದಿಂದ ನೇರ ರಕ್ತಕ್ಕೆ ಹೋದರೆ ಮಾತ್ರ ಮಿದುಳು ಮುಟ್ಟುತ್ತದೆ. ಜೋಡಿ ಜೋಡಿ ಎಲೆಯನ್ನು ನಿಧಾನವಾಗಿ ಜಗಿಯುತ್ತ ಕೂರುವ ಮಸಾತೆಕ್ ರೀತಿಗೆ ಎಂಥ ಕಾರಣವಿತ್ತು ನೋಡಿ. ಹತ್ತಿಪ್ಪತ್ತು ನಿಮಿಷಕ್ಕೆ ಮೆಲ್ಲಗೆ ಏರಿ, ಒಂದು ತಾಸು ಇದ್ದು, ಮೆಲ್ಲಗೆ ಇಳಿಯುತ್ತದೆ. ಮಾತಾಡಲು, ಪ್ರಶ್ನೆ ಕೇಳಲು, ಉತ್ತರಕ್ಕೆ ಕಾಯಲು ಅಷ್ಟು ಹೊತ್ತು ಬೇಕು. ಕತ್ತಲೆ, ಮೌನದ ಕಟ್ಟಳೆಯೂ ಹಾಗೆಯೇ. ಈ ರೀತಿಯಲ್ಲಿ ತಿಂದಾಗ ಪರಿಣಾಮ ಎಷ್ಟು ಸೂಕ್ಷ್ಮವೆಂದರೆ ದೀಪ ಹಚ್ಚಿದರೆ ಚೆದುರಿಹೋಗುತ್ತದೆ.

2002ರಲ್ಲಿ ಬ್ರಯನ್ ರಾಥ್ ಮತ್ತು ಸಂಗಡಿಗರು ಈ ಅಣುವನ್ನು ಐವತ್ತು ಬಗೆಯ ಗ್ರಾಹಕ, ವಾಹಕಗಳ ಮೇಲೆ ಪರೀಕ್ಷಿಸಿದರು. ಗ್ರಾಹಕ ಎಂದರೆ ಜೀವಕೋಶದಲ್ಲಿ ಇಂಥ ಅಣು ಬಂದು ಕೂರುವ ತಾಣ. ಹೊಂದಿಕೊಂಡದ್ದು ಒಂದಕ್ಕೆ ಮಾತ್ರ: ಕಪ್ಪಾ ಓಪಿಯಾಯ್ಡ್ ಗ್ರಾಹಕ. ಎಲ್‌ಎಸ್‌ಡಿ, ಸೈಲೋಸೈಬಿನ್ ಕೆಲಸ ಮಾಡುವ ಸೆರಟೋನಿನ್ ಗ್ರಾಹಕವನ್ನು ಇದು ಮುಟ್ಟುವುದೇ ಇಲ್ಲ. ಮಾರ್ಫಿನ್ ಸುಖ ಕೊಡುವುದು ಮ್ಯೂ ಎಂಬ ಬೇರೊಂದು ಗ್ರಾಹಕದ ಮೂಲಕ. ಕಪ್ಪಾ ಗ್ರಾಹಕ ಚುರುಕಾದರೆ ಸುಖದ ಬದಲು ಕಳವಳ, ಮೈಯಿಂದ ಬೇರೆಯಾದ ಭಾವ ಬರುತ್ತದೆ. ಹಾಗಾಗಿ ಇದು ಚಟ ಹಿಡಿಸುವ ವಸ್ತುವಿನ ಸಾಲಿಗೆ ಸೇರುವುದಿಲ್ಲ. ಒಮ್ಮೆ ಸೇದಿದವರಲ್ಲಿ ಬಹಳ ಜನ ಮತ್ತೆ ಅದರ ಸುದ್ದಿಗೆ ಹೋಗುವುದಿಲ್ಲ.

ಸೇದುವುದು ಎಂದೆ. ಸೇದುವುದು ಮಸಾತೆಕ್ ಪದ್ಧತಿಯಲ್ಲ, 1990ರ ದಶಕದಲ್ಲಿ ಹೊರಗಿನವರು ಹುಟ್ಟಿಸಿದ್ದು. ಶುದ್ಧ ಸಾಲ್ವಿನೋರಿನ್ ಎ ಮನುಷ್ಯನ ಪ್ರಜ್ಞೆಯನ್ನು ಬುಡಮೇಲು ಮಾಡಲು 200ರಿಂದ 500 ಮೈಕ್ರೋಗ್ರಾಂ ಸಾಕು. ಉಪ್ಪಿನ ಕೆಲವು ಹರಳಿನಷ್ಟು. ಮಾರಾಟಗಾರರು ಎಲೆಯ ಸಾರ ಇಳಿಸಿ, ಐದು ಪಟ್ಟು, ಹತ್ತು ಪಟ್ಟು, ಇಪ್ಪತ್ತು ಪಟ್ಟು ಎಂದು ಗಟ್ಟಿ ಮಾಡಿ ಪೊಟ್ಟಣ ಕಟ್ಟಿದರು. ಸೇದಿದರೆ ಒಂದು ನಿಮಿಷದೊಳಗೆ ಹೊಡೆತ, ಐದು ನಿಮಿಷದಿಂದ ಇಪ್ಪತ್ತು ನಿಮಿಷದೊಳಗೆ ಮುಗಿಯುತ್ತದೆ. ಆ ಹೊತ್ತಿನಲ್ಲಿ ತಾನು ಯಾರು, ಎಲ್ಲಿದ್ದೇನೆ ಎಂಬುದೇ ತಿಳಿಯದೆ ಎದ್ದು ನಡೆಯುವವರಿದ್ದಾರೆ, ಬಿದ್ದು ಪೆಟ್ಟು ಮಾಡಿಕೊಳ್ಳುವವರಿದ್ದಾರೆ. 2002ರಲ್ಲಿ ಆಸ್ಟ್ರೇಲಿಯಾ ನಿಷೇಧಿಸಿತು, ದೇಶಗಳಲ್ಲಿ ಅದೇ ಮೊದಲು. ಆಮೇಲೆ ಅಮೆರಿಕದ ಹಲವು ರಾಜ್ಯಗಳು, ಬೇರೆ ದೇಶಗಳು ಅದೇ ದಾರಿ ಹಿಡಿದವು. ಪೊಟ್ಟಣದ ಮೇಲೆ ಮಾತ್ರ ಷಾಮನ್ನರ, ಅಂದರೆ ಬುಡಕಟ್ಟಿನ ವೈದ್ಯರ ಚಿತ್ರ, ಪ್ರಾಚೀನ ಜ್ಞಾನ ಎಂಬ ಬರಹ. ಆ ಷಾಮನ್ನರು ಎಂದೂ ಮಾಡದ ಕೆಲಸಕ್ಕೆ ಅವರದೇ ಹೆಸರು ಹಾಕಿದ್ದು ನನಗೆ ಸಿಟ್ಟು ತರಿಸುತ್ತದೆ.

ಅಣಬೆಯ ವಿಷಯದಲ್ಲಿ ಈ ಬೆಟ್ಟಗಳು ಅನುಭವಿಸಿದ್ದು ಇನ್ನೂ ಕಠಿಣ. 1955ರಲ್ಲಿ ವಾವ್ತ್ಲಾದ ಮರಿಯಾ ಸಬೀನಾ ಎಂಬ ವೈದ್ಯೆ ವಾಸನ್‌ರನ್ನು ತಮ್ಮ ಮನೆಯ ರಾತ್ರಿಗೆ ಸೇರಿಸಿಕೊಂಡರು. ದೂರದಲ್ಲಿರುವ ಮಗನ ಯೋಗಕ್ಷೇಮ ತಿಳಿಯಬೇಕು ಎಂದು ವಾಸನ್ ಪ್ರಶ್ನೆ ಇಟ್ಟಿದ್ದರು. ಪ್ರಶ್ನೆಯಿಲ್ಲದೆ ಒಳಗೆ ಬಿಡುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. 1957ರಲ್ಲಿ ಅಮೆರಿಕದ ಪತ್ರಿಕೆಯಲ್ಲಿ ಅವರ ಲೇಖನ, ಚಿತ್ರ ಬಂದವು. ವೈದ್ಯೆಯ ಹೆಸರು ಬದಲಿಸಿದ್ದರು, ಪ್ರಯೋಜನವಾಗಲಿಲ್ಲ. 1960ರ ದಶಕದಲ್ಲಿ ಊರಿಗೆ ಸಾವಿರಾರು ಯುವಕರು ನುಗ್ಗಿದರು, ಹಿಂದೆಯೇ ಪೊಲೀಸರು ಬಂದರು. ಊರವರ ಸಿಟ್ಟು ಮರಿಯಾ ಸಬೀನಾರ ಮೇಲೆ ತಿರುಗಿತು, ಅವರ ಮನೆ ಸುಟ್ಟುಹೋಯಿತು. ಹಿಂದೆ ನಾವು ಅಣಬೆ ತಿನ್ನುತ್ತಿದ್ದುದು ರೋಗಿಗಳು ಗುಣವಾಗಲೆಂದು, ದೇವರನ್ನು ಹುಡುಕಲೆಂದಲ್ಲ ಎಂದು ಅವರು ಮುಂದೆ ನೊಂದು ಹೇಳಿದರು. 1985ರಲ್ಲಿ ಬಡತನದಲ್ಲೇ ತೀರಿಕೊಂಡರು. ಅಣಬೆ ಸಿಗದ ಕಾಲದಲ್ಲಿ ರೋಗಿ ಬಂದರೆ ಅವರೂ ಪಾಸ್ತೋರಾ ಎಲೆಯನ್ನೇ ಬಳಸುತ್ತಿದ್ದರು.

ಮಾತು ಮುಗಿದ ಮೇಲೆ ಸಭೆಯಿಂದ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತಿದ್ದೇನೆ.

ಕಾಲೇಜು ಹುಡುಗನೊಬ್ಬ ನೇರವಾಗಿ ಕೇಳಿದ: ಚಟ ಹಿಡಿಯುವುದಿಲ್ಲ ಎಂದಿರಲ್ಲ ಸಾರ್, ಹಾಗಾದರೆ ಒಮ್ಮೆ ನೋಡಿದರೆ ತಪ್ಪೇನು? ಬೇಡಪ್ಪ ಎಂದೆ. ಚಟ ಹಿಡಿಯದ ಮಾತ್ರಕ್ಕೆ ಅಪಾಯ ಇಲ್ಲವೆಂದಲ್ಲ. ಮನಸ್ಸು ಮೊದಲೇ ನೊಂದವರಿಗೆ, ಮನೆತನದಲ್ಲಿ ಮಾನಸಿಕ ಕಾಯಿಲೆ ಇರುವವರಿಗೆ ಇಂಥ ಅನುಭವ ದೊಡ್ಡ ಪೆಟ್ಟಾಗಬಹುದು. ಪೊಟ್ಟಣದಲ್ಲಿ ಎಷ್ಟು ಪ್ರಮಾಣ ಇದೆ ಎಂದು ಕೊಂಡವನಿಗೆ ತಿಳಿಯುವ ದಾರಿಯೇ ಇಲ್ಲ. ಮಸಾತೆಕ್ ವೈದ್ಯರು ವರ್ಷಗಟ್ಟಲೆ ಕಲಿತು ಮಾಡುವ ಕೆಲಸವನ್ನು ಹಾಸ್ಟೆಲ್ ಕೋಣೆಯಲ್ಲಿ ಮಾಡಲಾಗದು.

ಇನ್ನೊಬ್ಬರು, ವಯಸ್ಸಾದ ಹೆಂಗಸು, ಕೇಳಿದ್ದು ಇದು: ಈ ಎಲೆಯಿಂದ ಔಷಧಿ ಬಂದರೆ ಆ ಜನರಿಗೆ ಏನಾದರೂ ಸಿಗುತ್ತದೆಯೇ? ಸಾಲ್ವಿನೋರಿನ್ ಇಟ್ಟುಕೊಂಡು ನೋವಿಗೆ, ಕೊಕೇನ್ ಚಟ ಬಿಡಿಸಲು ಹೊಸ ಅಣು ಕಟ್ಟುವ ಸಂಶೋಧನೆ ಹಲವು ಕಡೆ ನಡೆದಿದೆ. ಕಪ್ಪಾ ಗ್ರಾಹಕದ ಮೇಲೆ ಕೆಲಸ ಮಾಡುವ, ಬೇರೆ ಮೂಲದ ಒಂದು ಔಷಧಿ ಜಪಾನಿನಲ್ಲಿ 2009ರಲ್ಲೇ ಬಂತು, ಡಯಾಲಿಸಿಸ್ ರೋಗಿಗಳ ತುರಿಕೆಗೆ. ಪಾಸ್ತೋರಾಳ ಎಲೆಯಿಂದಲೂ ಮುಂದೊಂದು ದಿನ ಬರಬಹುದು. ಸ್ಥಳೀಯರ ಒಪ್ಪಿಗೆ ಪಡೆಯಬೇಕು, ಲಾಭ ಹಂಚಬೇಕು ಎನ್ನುವ ನಗೋಯಾ ಒಪ್ಪಂದ ಜಾರಿಗೆ ಬಂದದ್ದು 2014ರಲ್ಲಿ, ಮೆಕ್ಸಿಕೋ ಅದಕ್ಕೆ ಸೇರಿದೆ, ಭಾರತವೂ ಸೇರಿದೆ. ಆದರೆ ಅದನ್ನು ಹಿಂದಿನ ಕಾಲಕ್ಕೂ ಅನ್ವಯವಾಗುವಂತೆ ಬರೆದಿಲ್ಲ. ಇವತ್ತು ಪ್ರಯೋಗಾಲಯಗಳಲ್ಲಿ, ಹಸಿರುಮನೆಗಳಲ್ಲಿ ಇರುವ ಗಿಡಗಳಲ್ಲಿ ಬಹುಪಾಲು 1960ರ ದಶಕದಿಂದ ಹೊರಗೆ ಹೋದ ಕೆಲವೇ ಕಡ್ಡಿಗಳ ಸಂತಾನ. ಹಾಗಾಗಿ ಕಾನೂನಿನ ಬಲದಿಂದ ಅವರಿಗೆ ಸಿಗಬೇಕಾದದ್ದು ಸಿಗುವುದು ಕಷ್ಟ. ಔಷಧಿ ಮಾಡುವವರು ತಾವಾಗಿಯೇ ಕೊಟ್ಟರೆ ಉಂಟು. ಕೊಡಬೇಕು ಎಂದು ಕೇಳುವವರು ಹೆಚ್ಚಾಗಬೇಕು. ಆ ತಾಯಿಗೆ ನಾನು ಕೊಟ್ಟ ಉತ್ತರ ಇಷ್ಟು.